ಮೂವತ್ತು ಸರದಿ ನೋಡದೆ ಇದ್ದರೆ

ಜನವರಿ 11

ಭಾವ,

ಇಲ್ಲ, ನಾನು ಒಪ್ಪಲ್ಲ. "ಕೂಗಾಡಬೇಡ, ಹೇಳೋದಿದ್ರೆ ಬರೆದು ಕಳಿಸು" ಅಂತ ಫೋನ್ ಇಟ್ಟುಬಿಟ್ರಲ್ಲ, ತಗೊಳ್ಳಿ, ಬರೀತಿದೀನಿ. ಹತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟ ಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು. ಕಾಗುಣಿತ ತಪ್ಪಿದ್ರೆ ತಿದ್ದಿಕೊಂಡು ಓದಿ. ಲೆಕ್ಕ ಮಾತ್ರ ತಪ್ಪಿಲ್ಲ.

"ಆಟ ದೊಡ್ಡದು ಅನ್ನಿಸಬೇಕಾದ್ರೆ ನಕ್ಷೆ ದೊಡ್ಡದಾಗಲೇಬೇಕು" ಅಂದ್ರಿ. ಯಾರು ಕಲಿಸಿದ್ರು ಈ ಮಾತನ್ನ? ಈ ರಿಪೇರಿ ಅಂಗಡಿಯ ಹಿಂದಿನ ಕೋಣೇಲಿ, ಕೆಟ್ಟ ಮಾನಿಟರ್‌ಗಳ ಮಧ್ಯೆ ಕೂತು ನಾವಿಬ್ಬರು ಈ ಕಂಪ್ಯೂಟರ್ ಆಟ ಕಟ್ಟಿದಾಗ ಅದರ ನಕ್ಷೇಲಿ ಇದ್ದದ್ದು ಇನ್ನೂರ ಹನ್ನೆರಡು ನಕ್ಷತ್ರ. ನೀವು ಪ್ರೋಗ್ರಾಂ ಬರೆದ್ರಿ, ನಾನು ಚೌಕುಳಿ ಹಾಳೆ ಮೇಲೆ ಒಂದೊಂದೇ ಚುಕ್ಕಿ ಇಟ್ಟೆ. ಇನ್ನೂರ ಹನ್ನೆರಡೇ ಯಾಕೆ ಅಂತ ನೆನಪಿದೆಯಾ? ಅದಕ್ಕಿಂತ ಹೆಚ್ಚಾದ್ರೆ ನಮ್ಮ ಹಳೇ ಮಷೀನು ಒಂದು ಸರದಿ ಮುಗಿಸೋಕೆ ಹತ್ತು ಸೆಕೆಂಡ್ ಮೀರ್ತಿತ್ತು. "ಹತ್ತು ಸೆಕೆಂಡ್‌ಗಿಂತ ಹೆಚ್ಚು ಕಾಯಿಸಿದ್ರೆ ಮನುಷ್ಯ ಎದ್ದು ಹೋಗ್ತಾನೆ" ಅಂತ ಹೇಳಿದ್ದು ನೀವೇ. ನಾನು ಅದನ್ನ ಗೋಡೆ ಮೇಲೆ ಬರೆದಿಟ್ಟಿದ್ದೆ. ಈಗಲೂ ಇದೆ, ಬಂದು ನೋಡಿ.

ಈಗ ನೀವು ಊರು ಬಿಟ್ಟು ಹೋಗಿ ಸೇರಿದ ಕಂಪನಿಯವರು ಅದೇ ಆಟ ಮಾರೋಕೆ ಮೂರು ಸಾವಿರ ನಕ್ಷತ್ರ ಬೇಕು ಅಂತಾರೆ. ನೀವು ಕಳಿಸಿದ್ದನ್ನ ಹಾಕಿ ನೋಡಿದೆ. ನಾಲ್ಕು ಜಿಬಿ ರ್‍ಯಾಮಿನ ಮಷೀನು, ಬಿಸಿಯಾಗದಿರಲಿ ಅಂತ ಅದರ ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದೆ. ನಾನು, ಅಕ್ಕ, ಮೇಲಿನ ಮಹಡಿ ದರ್ಜಿ, ಮೂರು ಜನ ನಕ್ಷತ್ರದಿಂದ ನಕ್ಷತ್ರಕ್ಕೆ ನಮ್ಮ ನಮ್ಮ ಹಡಗು ನಡೆಸಿ 'ಸರದಿ ಮುಗಿಯಿತು' ಒತ್ತಿದ್ವಿ. ಮಿಕ್ಕ ಒಂಬತ್ತು ರಾಜ್ಯಗಳ ಆಟವನ್ನ ಮಷೀನು ತಾನೇ ಆಡಿ ಮುಗಿಸಬೇಕಲ್ಲ. ಹಾರ್ಡ್ ಡಿಸ್ಕು ಕರಕರ ಅನ್ನೋಕೆ ಶುರುಮಾಡ್ತು. ದರ್ಜಿ ತನ್ನ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ನಿಮಿಷಕ್ಕೊಂದು ಗೀಟು ಎಳೀತಾ ಕೂತ. ಮೂವತ್ತೊಂದು ಗೀಟು, ಭಾವ. ಮೂವತ್ತೊಂದು ನಿಮಿಷ, ಒಂದು ಸರದಿಗೆ! ದರ್ಜಿ ಎದ್ದು ಹೇಳಿದ: "ಮೂರು ಸಾವಿರ ಗುಂಡಿ ಇಟ್ಟು ಅಂಗಿ ಹೊಲಿದ ಹಾಗಾಯ್ತಲ್ಲಪ್ಪ. ಗುಂಡಿ ಹಾಕಿ ಮುಗಿಸೋಷ್ಟರಲ್ಲಿ ಬಿಚ್ಚೋ ಹೊತ್ತು ಬರುತ್ತೆ."

ಆ ಡಬ್ಬದ ಸಾಹೇಬರಿಗೆ (ಯಾವಾಗ ನೋಡಿದ್ರೂ ಆಟ ಹಾಕಿ ಮಾರೋ ಡಬ್ಬದ ಮೇಲೆ ಏನು ಅಚ್ಚು ಹಾಕಿಸೋಣ ಅಂತಲೇ ಮಾತಾಡ್ತಾರಲ್ಲ, ಅವರಿಗೆ) ಹೀಗೆ ಹೇಳಿ. ಒಂದು ಕೋಣೇಲಿ ಹತ್ತು ಜನ ಇದಾರೆ, ಎಲ್ಲರೂ ಎಲ್ಲರ ಕೈ ಕುಲುಕಬೇಕು. ನಲವತ್ತೈದು ಸಲ ಆಯ್ತು. ಇಪ್ಪತ್ತು ಜನ ಇದ್ರೆ? ತೊಂಬತ್ತಲ್ಲ ಸಾಹೇಬ್ರೆ, ನೂರ ತೊಂಬತ್ತು. ಜನ ಎರಡು ಪಟ್ಟಾದ್ರೆ ಕೆಲಸ ನಾಲ್ಕು ಪಟ್ಟು ದಾಟುತ್ತೆ. ಪ್ರತಿ ಹಡಗೂ ಎಲ್ಲ ನಕ್ಷತ್ರಕ್ಕೂ ದಾರಿ ಹುಡುಕಬೇಕಾದ ಆಟದಲ್ಲಿ ಇದೇ ಆಗೋದು.

ನಾನು ಕೇಳೋದು ಒಂದೇ. ಆಟ ಶುರುವಾಗೋ ಮುಂಚೆ "ನಿನಗೆಷ್ಟು ಶಕ್ತಿ ಇದೆಯಪ್ಪ" ಅಂತ ಮಷೀನನ್ನ ಕೇಳಲಿ. ಶಕ್ತಿಗೆ ತಕ್ಕ ನಕ್ಷೆ ಕೊಡಲಿ. ನಮ್ಮ ಇನ್ನೂರ ಹನ್ನೆರಡರ ಚಿಕ್ಕ ನಕ್ಷೆ ಮೊದಲ ಪುಟದಲ್ಲೇ ಇರಲಿ. ಅಷ್ಟೇ.

ಅಕ್ಕ ಚೆನ್ನಾಗಿದಾಳೆ. ನೀವು ಕೇಳಲಿಲ್ಲ, ಆದ್ರೂ ಬರೆದಿದೀನಿ.

ಸಿಟ್ಟಲ್ಲೇ ಇರೋ
ನಿಮ್ಮ ಭಾಮೈದ


ಜನವರಿ 24

ಪ್ರೀತಿಯ ಭಾಮೈದನಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕೈ ಕುಲುಕುವ ಉದಾಹರಣೆಯನ್ನು ಸಭೆಯಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನೀನು ಹೇಳುವುದರಲ್ಲಿ ಸತ್ಯವಿದೆ. ಆದರೆ ಇಲ್ಲಿ ಕುಳಿತು ನೋಡಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಪಕ್ಕದ ಕಂಪನಿಯ ಆಟದಲ್ಲಿ ಎರಡು ಸಾವಿರ ನಕ್ಷತ್ರಗಳಿವೆ. ನಾವು ಇನ್ನೂರ ಹನ್ನೆರಡು ಎಂದರೆ ಡಬ್ಬವನ್ನು ಯಾರೂ ಕೈಯಲ್ಲೂ ಹಿಡಿಯುವುದಿಲ್ಲ. ಚಿಕ್ಕ ನಕ್ಷೆಯನ್ನು ಮೊದಲ ಪುಟದಲ್ಲಿಟ್ಟರೆ ಆಟವೇ ಚಿಕ್ಕದು ಎಂದುಕೊಳ್ಳುತ್ತಾರೆ ಎಂಬುದು ಇವರ ಅಭಿಪ್ರಾಯ. ನನ್ನದಲ್ಲ.

ನಿನ್ನ ಮೂವತ್ತೊಂದು ಗೀಟುಗಳಿಗೆ ಉತ್ತರವಾಗಿ ಒಂದು ಉಪಾಯ ಮಾಡಿದ್ದೇನೆ. ಹತ್ತು ದಿನದಿಂದ ಅದರಲ್ಲೇ ಮುಳುಗಿದ್ದೆ. ಹೊಸ ಆವೃತ್ತಿ ಇದರ ಜೊತೆಗಿದೆ. ನಿಮ್ಮ ಹಳೆಯ ಆಟ ಹಾಗೆಯೇ ಹೊಸ ನಕ್ಷೆಯೊಳಗೆ ಬಂದು ಕೂರುತ್ತದೆ, ಮೊದಲಿನಿಂದ ಆಡಬೇಕಿಲ್ಲ. ಹಾಕಿ ನೋಡು, ಆಮೇಲೆ ಬೈಯಿ.

ಅಕ್ಕನಿಗೆ ಹೇಳು, ಈ ಕೆಲಸ ಮುಗಿದ ಕೂಡಲೇ ಬರುತ್ತೇನೆ.

ನಿನ್ನ ಭಾವ


ಫೆಬ್ರವರಿ 6

ಭಾವ,

ಹದಿಮೂರು ಸೆಕೆಂಡು!!

ಸುಳ್ಳಲ್ಲ. ಅದೇ ಮಷೀನು, ಅದೇ ಟೇಬಲ್ ಫ್ಯಾನು, ಮೂರು ಸಾವಿರ ನಕ್ಷತ್ರ. ದರ್ಜಿ ಸೀಮೆಸುಣ್ಣ ತೆಗೆಯೋಷ್ಟರಲ್ಲಿ ಸರದಿ ಮುಗಿದಿತ್ತು. "ನಿಮ್ಮ ಭಾವ ಯಾವ ಮಂತ್ರ ಹಾಕಿದ್ರಪ್ಪ" ಅಂದ. ನಾನು ಎದೆ ಉಬ್ಬಿಸಿಕೊಂಡು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಅಂಗಡಿ ಯಜಮಾನ್ರು ಸಹ ಕನ್ನಡಕ ಏರಿಸಿ ನೋಡಿ "ಹಳೇ ಮಷೀನು ತಗೊಳ್ಳೋಕೆ ಈಗ ಜನರಿಗೆ ಒಂದು ನೆಪ ಸಿಕ್ತು" ಅಂದ್ರು. ಜಾಗ ಸಾಲದೆ ಹಾರ್ಡ್ ಡಿಸ್ಕು ತುಂಬಿಹೋಗಿತ್ತು, ಹಳೇ ಆಟದ ಪ್ರತಿ ಅಳಿಸಿಹಾಕಿ ಜಾಗ ಮಾಡಿಕೊಂಡೆ. ಇನ್ಯಾಕೆ ಅದು?

ಬೈದಿದ್ದೆಲ್ಲ ವಾಪಸ್ ತಗೊಂಡೆ. ಅರ್ಧ.

ಅಕ್ಕ ಕೇಳಿದ್ಲು, "ಕೆಲಸ ಮುಗಿದ ಕೂಡಲೇ ಅಂದ್ರೆ ಯಾವ ತಿಂಗಳು?" ಅಂತ. ನಕ್ಷತ್ರದಷ್ಟೇ ದೂರ ಇರಬೇಕು ಅಂದೆ. ನಗಲಿಲ್ಲ.

ನಿಮ್ಮ ಭಾಮೈದ


ಫೆಬ್ರವರಿ 15

ಪ್ರೀತಿಯ ಭಾಮೈದ,

ಸಂತೋಷವಾಯಿತು. ಇದರೊಂದಿಗೆ ಒಂದು ವರದಿ ಹಾಳೆ ಇದೆ. ಹಳೆಯ ಯಂತ್ರದಲ್ಲಿ ಕಂಪನಿಯ ಹೊರಗಿನವರೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು, ಆಗ ಮಾತ್ರ 'ಹಳೆಯ ಯಂತ್ರಗಳಲ್ಲೂ ಓಡುತ್ತದೆ' ಎಂದು ಡಬ್ಬದ ಮೇಲೆ ಅಚ್ಚು ಹಾಕಿಸಬಹುದು. ನಿನ್ನ ಹೆಸರನ್ನು ನಾನೇ ಕೊಟ್ಟೆ. ನಿನಗಿಂತ ಹಳೆಯ ಯಂತ್ರ ಬಲ್ಲವರು ಇಲ್ಲಿ ಯಾರೂ ಇಲ್ಲ. ಇನ್ನೊಂದು ತಿಂಗಳು ಆಡಿ ನೋಡಿ, ತುಂಬಿಸಿ ಕಳಿಸು.

ಭಾವ


ಮಾರ್ಚ್ 20

ಭಾವ,

ನಿಮ್ಮ ಮಂತ್ರ ಏನು ಅಂತ ಗೊತ್ತಾಯ್ತು. ಹೀಗೆ ಬಯಲಾಗಬಾರದಿತ್ತು.

ಅಕ್ಕ ಮೂರು ವಾರಕ್ಕೂ ಮೇಲೆ ಆಡಿರಲಿಲ್ಲ. ಯಾಕೆ ಅಂತ ನೀವು ಕೇಳಿದ್ರೆ ಹೇಳ್ತೀನಿ. ದಿನಾ ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿದಾಗ ನಾನು, ದರ್ಜಿ ಎರಡು ಸರದಿ ಆಡ್ತಿದ್ವಿ. ಅವಳ ರಾಜ್ಯ ಸುಮ್ಮನೆ ಬಿದ್ದಿತ್ತು. ಅವಳ ರಾಜ್ಯ ಅಂದ್ರೆ ಏನು, ಎಡಗಡೆ ಕೆಳಮೂಲೆಯ ಒಂದು ನಕ್ಷತ್ರ. ಯಾರ ಮೇಲೂ ಯುದ್ಧಕ್ಕೆ ಹೋದವಳಲ್ಲ. ಹಡಗು ಕಟ್ಟೋದು, ಹೆಸರಿಡೋದು, ಸುತ್ತಾಡಿಸೋದು, ಮನೆಗೆ ಕರ್ಕೊಂಡು ಬರೋದು.

ಆ ಹೆಸರುಗಳು ನೆನಪಿವೆಯಾ? ತಾನು ಕೆಲಸ ಮಾಡೋ ಕನ್ನಡಕದ ಅಂಗಡೀಲಿ ಗಾಜನ್ನ ಚಕ್ರಕ್ಕೆ ಹಿಡಿದು ಉಜ್ಜೋವಾಗ ಗಿರಾಕಿಗಳು ಹೇಳ್ಕೊಳ್ಳೋದನ್ನೆಲ್ಲ ಕೇಳಿಸಿಕೊಂಡು ಬಂದು ಹಡಗಿಗೆ ಇಡ್ತಿದ್ಲು. 'ದೂರದ್ದು ಕಾಣಲ್ಲ'. 'ಹತ್ತಿರದ್ದು ಕಾಣಲ್ಲ'. 'ಎರಡೆರಡು ಕಾಣುತ್ತೆ'. 'ಕಿವಿ ಹಿಂದೆ ಒತ್ತುತ್ತೆ'. 'ಹೆಂಡತಿಗೆ ಹೇಳಬೇಡಿ'. ನಲವತ್ತೊಂದು ಹಡಗು, ನೀವು ಹೋದ ಮೇಲೆ ಹೊಸದೊಂದೂ ಕಟ್ಟಿಲ್ಲ. "ನಿಮ್ಮಕ್ಕನ ಸೈನ್ಯ ಬಂದ್ರೆ ಶತ್ರುಗಳು ನಕ್ಕೇ ಸಾಯ್ತಾರೆ" ಅಂತ ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದದ್ದು ನೀವು.

ಮೊನ್ನೆ ಅವಳು ಬಂದು ಕೂತಳು. ತನ್ನ ನಕ್ಷತ್ರ ತೆರೆದಳು. ಹಡಗು 1. ಹಡಗು 2. ಹಡಗು 3. ಹಾಗೇ ಮೂವತ್ತೆಂಟರ ತನಕ. ನಲವತ್ತೊಂದು ಸಹ ಇಲ್ಲ!

ಅವಳು ಒಂದು ಸಲ ಕೆಳಗಿನ ತನಕ ನೋಡಿದ್ಲು, ಒಂದು ಸಲ ಮೇಲಿನ ತನಕ. "ಇದು ನಂದಲ್ಲ ಕಣೋ" ಅಂದ್ಲು. ಮೌಸು ಪಕ್ಕಕ್ಕಿಟ್ಟು ಎದ್ದಳು.

ನಾನು ನಿಮ್ಮ ಪ್ರೋಗ್ರಾಂ ಬಿಚ್ಚಿ ನೋಡಿದೆ. ಎಲ್ಲಾ ಅರ್ಥ ಆಗಲ್ಲ, ಆದ್ರೆ ನೀವು ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿ ಓದೋಕೆ ಬರುತ್ತೆ. 'ಮೂವತ್ತು ಸರದಿ ಯಾರೂ ತೆರೆದು ನೋಡದ ನಕ್ಷತ್ರವನ್ನು ಮಲಗಿಸು. ವಿವರ ಅಳಿಸು. ಮತ್ತೆ ತೆರೆದಾಗ ಅಂದಾಜಿನಲ್ಲಿ ತುಂಬು.' ಅಂದ್ರೆ ಮೂರು ಸಾವಿರ ನಕ್ಷತ್ರದಲ್ಲಿ ಬದುಕಿರೋದು ಕಣ್ಣೆದುರಿಗೆ ಇರೋ ಇನ್ನೂರೋ ಮುನ್ನೂರೋ! ಮಿಕ್ಕಿದ್ದು ಬರೀ ಬಣ್ಣದ ಚುಕ್ಕಿ. ನೋಡದೇ ಇದ್ದದ್ದನ್ನ ಮರೆತುಬಿಡೋದು, ಕೇಳೋಕೆ ಬಂದ್ರೆ ಬಾಯಿಗೆ ಬಂದಿದ್ದು ಹೇಳೋದು. ಇದಕ್ಕಾ ಹತ್ತು ದಿನ ಮುಳುಗಿದ್ದು? ಇದಕ್ಕಾ ನಾನು ಬೀದಿಯವರನ್ನೆಲ್ಲ ಕರೆದು ತೋರಿಸಿದ್ದು?

ಹಳೇ ಪ್ರತಿ ಅಳಿಸಿದ್ದು ನಾನು. ಆ ತಪ್ಪು ನಂದು, ಯಾರ ಮೇಲೂ ಹಾಕಲ್ಲ. ನಿಮ್ಮನ್ನ ನಂಬಿ ಅಳಿಸಿದೆ ಅನ್ನೋದು ಬೇರೆ ಮಾತು.

ವರದಿ ಹಾಳೇಲಿ ನಾಲ್ಕನೇ ಸಾಲು ಈಗ ಸರಿಯಾಗಿ ಓದಿದೆ. 'ಮೂರು ಸಾವಿರ ನಕ್ಷತ್ರಗಳೂ ಸದಾ ಜೀವಂತ: ಹೌದು / ಅಲ್ಲ.' ಅದೇ ಮಾತು ಡಬ್ಬದ ಮೇಲೂ ಬರುತ್ತಂತೆ. ಹೌದು ಅಂತ ನಾನು ಬರೀಬೇಕಾ? ನನ್ನ ಹೆಸರು ಹಾಕಿ? ಬರೆಯಲ್ಲ ಭಾವ. ಚಿಕ್ಕ ನಕ್ಷೆ ಇಡಿ, ಪ್ರಾಮಾಣಿಕವಾಗಿ ಚಿಕ್ಕದು ಅಂತ ಹೇಳಿ, ಎರಡು ಕೈಯಲ್ಲೂ ಸಹಿ ಹಾಕ್ತೀನಿ.

ಅಕ್ಕ ಯಾಕೆ ಆಡಲಿಲ್ಲ ಅಂತ ಕೇಳಿ ಬರೀರಿ.

ನಿಮ್ಮ ಭಾಮೈದ


ಏಪ್ರಿಲ್ 2

ಪ್ರೀತಿಯ ಭಾಮೈದ,

ಹಡಗಿನ ಹೆಸರುಗಳ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಾಗಿದೆ. ಹೆಸರುಗಳನ್ನು ಉಳಿಸಿಕೊಳ್ಳಲು ಹೆಚ್ಚು ಮೆಮೊರಿ ಬೇಕಾಗುತ್ತದೆ, ಆದ್ದರಿಂದ ಬಿಟ್ಟೆ. ಮಲಗಿಸುವುದು ನಮ್ಮ ಕಸುಬಿನಲ್ಲಿ ಹೊಸದೇನೂ ಅಲ್ಲ. ಸಾಮಾನ್ಯ ಆಟಗಾರನಿಗೆ ಅದು ಗೊತ್ತಾಗುವುದೇ ಇಲ್ಲ. ನೂರಕ್ಕೆ ತೊಂಬತ್ತೆಂಟು ಮಂದಿ ಮೂಲೆಯ ನಕ್ಷತ್ರಕ್ಕೆ ಹಿಂದಿರುಗಿ ಹೋಗುವುದಿಲ್ಲ ಎಂದು ಇಲ್ಲಿ ಲೆಕ್ಕ ಹಾಕಿದ್ದಾರೆ.

ನಾಲ್ಕನೇ ಸಾಲನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡ. ಹದಿನೆಂಟರ ಒಳಗೆ ವರದಿ ಬೇಕು. ನೀನು ಸಹಿ ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಾರೆ, ಆದರೆ ನಿನ್ನ ಹೆಸರು ಕೊಟ್ಟವನು ನಾನು ಎಂಬುದು ನೆನಪಿರಲಿ.

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಭಾವ


ಏಪ್ರಿಲ್ 9

ಭಾವ,

ನಂಬಿದೀರಾ. ಸಂತೋಷ.

ಹದಿನೇಳಕ್ಕೆ ನಾನೇ ಬರ್ತೀನಿ. ಹಳೇ ಮಷೀನು ತರ್ತೀನಿ. ಡಬ್ಬದ ಸಾಹೇಬರ ಹತ್ತು ನಿಮಿಷ ಕೇಳಿಟ್ಟಿರಿ.

ಭಾಮೈದ


ಏಪ್ರಿಲ್ 17, ಮಧ್ಯಾಹ್ನ, ನಿಮ್ಮ ಕೋಣೆ

ಭಾವ,

"ಊಟ ಮಾಡಿ ಒಂದು ನಿದ್ದೆ ತೆಗಿ, ಸಂಜೆ ಕೂತು ಮಾತಾಡೋಣ" ಅಂತ ಕೀ ಕೊಟ್ಟು ಕಳಿಸಿದ್ರಲ್ಲ. ಊಟ ಮಾಡಿಲ್ಲ. ನಿದ್ದೆ ಹೇಗೆ ಬರುತ್ತೆ? ನಿಮ್ಮ ವರದಿ ಹಾಳೆ ಹಿಂದುಗಡೆ ಖಾಲಿ ಇದೆ, ಅದರಲ್ಲೇ ಬರೀತಿದೀನಿ.

ಬೆಳಿಗ್ಗೆ ನಡೆದದ್ದನ್ನ ನೀವು ಆಮೇಲೆ ಬೇರೆ ಥರ ನೆನಪಿಟ್ಕೋಬಹುದು, ಅದಕ್ಕೆ ಇದ್ದದ್ದು ಇದ್ದ ಹಾಗೆ ಬರೆದಿಡ್ತೀನಿ.

ಆರು ಗಂಟೆ ಬಸ್ಸಲ್ಲಿ ಮಷೀನನ್ನ ಮಗು ಥರ ತೊಡೆ ಮೇಲೆ ಇಟ್ಕೊಂಡು ಬಂದೆ. ಆ ಗಾಜಿನ ಕೋಣೇಲಿ ಅದನ್ನ ಮೇಜಿನ ಮೇಲಿಟ್ರೆ ನಿಮ್ಮ ಸಾಹೇಬ್ರು ಸತ್ತ ಇಲಿ ತಂದಿಟ್ಟ ಹಾಗೆ ನೋಡಿದ್ರು. ಮೊದಲನೇ ಪ್ರಶ್ನೆ, "ಎಷ್ಟು ಓದಿದೀಯಪ್ಪ?"

"ಹತ್ತನೇ ಕ್ಲಾಸು, ಸಾರ್."

"ಹಾಗಾದ್ರೆ ಇದೆಲ್ಲ ಸ್ವಲ್ಪ ಕಷ್ಟ..."

"ಕೈ ಕುಲುಕೋ ಲೆಕ್ಕ ಏಳನೇ ಕ್ಲಾಸಿಂದು ಸಾರ್. ಅದು ನನಗೆ ಬರುತ್ತೆ. ಸುಳ್ಳು ಹೇಳೋದು ಯಾವ ಕ್ಲಾಸಲ್ಲಿ ಕಲಿಸ್ತಾರೆ?"

ನೀವು ಮೇಜಿನ ಕೆಳಗೆ ನನ್ನ ಕಾಲು ತುಳಿದ್ರಿ. ತುಳೀರಿ, ಪರವಾಗಿಲ್ಲ.

ನಾನು ಆಟ ಹಾಕಿ ತೋರಿಸಿದೆ. ಒಂದು ನಕ್ಷತ್ರದಲ್ಲಿ ಏಳು ಹಡಗು ಬಿಟ್ಟು, ಮೂವತ್ತು ಸರದಿ ಬೇರೆ ಕಡೆ ಆಡಿ, ವಾಪಸ್ ಹೋಗಿ ತೆರೆದೆ. ಐದೇ ಹಡಗು. ಹೆಸರಿಲ್ಲ. ಸಾಹೇಬ್ರು ನಕ್ಕರು. "ಅಷ್ಟು ದೂರದ ನಕ್ಷತ್ರಕ್ಕೆ ಯಾರಪ್ಪ ವಾಪಸ್ ಹೋಗ್ತಾರೆ?"

"ನಮ್ಮಕ್ಕ ಹೋಗ್ತಾಳೆ ಸಾರ್."

"ನಿಮ್ಮಕ್ಕ ಒಬ್ಬರಿಗೋಸ್ಕರ ಡಬ್ಬ ಬದಲಾಯಿಸೋಕಾಗುತ್ತಾ?"

ಅವರಿಗೆ ಗೊತ್ತಿಲ್ಲ ನಮ್ಮಕ್ಕ ಯಾರು ಅಂತ. ನಿಮಗೆ ಗೊತ್ತಿತ್ತು. 'ನನ್ನ ಹೆಂಡತಿ' ಅಂತ ಎರಡು ಪದ ಹೇಳೋಕೆ ಎಷ್ಟು ಮೆಮೊರಿ ಬೇಕು ಭಾವ? ನೀವು ಮೌಸಿನ ವೈರನ್ನ ಬೆರಳಿಗೆ ಸುತ್ತುತ್ತಾ ಕೂತಿದ್ರಿ. ಸುತ್ತೋದು, ಬಿಚ್ಚೋದು. ನಾನು ಕಾದೆ. ಹತ್ತು ಸೆಕೆಂಡ್‌ಗಿಂತ ಹೆಚ್ಚೇ ಕಾದೆ.

ಆಚೆ ಬಂದ ಮೇಲೆ ಕೇಳಿದ್ದು ಏನು? "ಮನೇಲೆಲ್ಲ ಹೇಗಿದಾರೆ?" ಎಲ್ಲ ಅಂದ್ರೆ ಯಾರು? ಮನೇಲಿ ಇರೋದೇ ಇಬ್ಬರು. ಒಬ್ಬ ನಿಮ್ಮೆದುರಿಗೇ ನಿಂತಿದ್ದ.

"ಅವರಿಗೆ ನೀನಾಗಿ ಹೇಳಬೇಡ, ಕೇಳಿದ್ರೆ ಹೇಳು" ಅಂತ ಅಕ್ಕ ಆಣೆ ಹಾಕಿಸಿಕೊಂಡಿದ್ಲು. ನೀವು ಕೇಳಲ್ಲ ಅಂತ ಗೊತ್ತಾಯ್ತು, ಅದಕ್ಕೆ ಆಣೆ ಮುರೀತಿದೀನಿ. ಫೆಬ್ರವರಿ ಕೊನೇಲಿ ಗಾಜು ಉಜ್ಜೋವಾಗ ಚೂರು ಸಿಡಿದು ಅವಳ ಬಲಗಣ್ಣಿಗೆ ಹೊಕ್ಕಿತು. ಇಪ್ಪತ್ತಮೂರು ದಿನ ಪಟ್ಟಿ ಕಟ್ಟಿಕೊಂಡಿದ್ಲು. ಈಗ ಕಾಣುತ್ತೆ, ಆದ್ರೆ ದೀಪದ ಸುತ್ತ ಬಳೆ ಇಟ್ಟ ಹಾಗೆ ಕಾಣುತ್ತಂತೆ. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯಿಂದ ಮನೆಗೂ ಹೋಗದೆ ಸೀದಾ ಅಂಗಡಿಗೆ ಬಂದ್ಲು. "ನನ್ನ ಹಡಗು ನೋಡಬೇಕು ಕಣೋ, ಎಲ್ಲ ಸರಿಯಾಗಿ ಕಾಣುತ್ತಾ ನೋಡೋಣ" ಅಂದ್ಲು. ಆಮೇಲೆ ಏನು ಕಂಡಿತು ಅಂತ ಮಾರ್ಚಲ್ಲೇ ಬರೆದಿದೀನಿ.

ಇಷ್ಟು ಹೇಳಿ ಹೊರಟುಬಿಡೋಣ ಅಂತಿದ್ದೆ. ಸಮಯ ನೋಡೋಕೆ ನಿಮ್ಮ ಕಂಪ್ಯೂಟರ್ ಪರದೆ ಎಬ್ಬಿಸಿದೆ. ಎಂಥಾ ಮಷೀನು! ನಮ್ಮಂಥ ಹದಿನಾರು ಮಷೀನು ಒಳಗೆ ಕೂರಿಸಬಹುದು. ಅದರಲ್ಲಿ ನಮ್ಮ ಆಟ ತೆರೆದೇ ಇತ್ತು. ಮೂರು ಸಾವಿರ ಇರುತ್ತೆ ಅಂದುಕೊಂಡೆ.

ಇನ್ನೂರ ಹನ್ನೆರಡು.

ನಾನು ಇಟ್ಟ ಚುಕ್ಕಿಗಳು. ನೀವು ಹೋದಾಗ ತಗೊಂಡು ಹೋದ ಪ್ರತಿ. ಎಡಗಡೆ ಕೆಳಮೂಲೆ ತೆರೆದೆ. 'ದೂರದ್ದು ಕಾಣಲ್ಲ' ಇದೆ. 'ಕಿವಿ ಹಿಂದೆ ಒತ್ತುತ್ತೆ' ಇದೆ. ಎಣಿಸಿದೆ, ನಲವತ್ತೊಂದೂ ಇವೆ. ಯಾವಾಗ ಯಾವಾಗ ತೆರೆದಿದೀರಿ ಅನ್ನೋ ಪಟ್ಟಿ ಪಕ್ಕದಲ್ಲೇ ಇತ್ತು. ಇವತ್ತು ಬೆಳಿಗ್ಗೆ ಆರು ನಲವತ್ತು. ನಿನ್ನೆ ಆರು ನಲವತ್ತು. ಮೊನ್ನೆ ಸಹ. ನೀವು ಊರು ಬಿಟ್ಟಾಗಿನಿಂದ ಹನ್ನೊಂದು ತಿಂಗಳು, ಒಂದು ದಿನ ತಪ್ಪಿಲ್ಲ. ಒಂದು ಹಡಗನ್ನೂ ಅಲುಗಾಡಿಸಿಲ್ಲ, ತೆರೆದು ನೋಡಿ ಮುಚ್ಚಿದೀರಿ.

ಇದನ್ನ ನೋಡಿ ನನ್ನ ಸಿಟ್ಟು ಇಳಿಯಬೇಕಿತ್ತು, ಅಲ್ವಾ? ಏರಿತು! ಮರೆತಿದ್ರೆ ಮರೆತವರು ಅಂತ ಬೈದು ಸುಮ್ಮನಾಗ್ತಿದ್ದೆ. ನೀವು ಮರೆತಿಲ್ಲ. ದಿನಾ ಬೆಳಿಗ್ಗೆ ನೋಡ್ತೀರಿ, ಒಂದು ಮಾತು ಕೇಳಲ್ಲ. ನಿಮಗೆ ಚಿಕ್ಕ ನಕ್ಷೆ, ಊರಿಗೆಲ್ಲ ಸುಳ್ಳು ನಕ್ಷೆ. ನೋಡಿದ್ರೆ ನಕ್ಷತ್ರ ಬದುಕಿರುತ್ತೆ ಅನ್ನೋದು ನಿಮ್ಮ ಪ್ರೋಗ್ರಾಂ. ಮನುಷ್ಯರು ಹಾಗಲ್ಲ ಭಾವ, ಅವರ ಹತ್ರ ಹೋಗಬೇಕು.

ವರದಿ ತುಂಬಿಸಿದೀನಿ, ತಿರುವಿ ನೋಡಿ. ಸರದಿಗೆ ಹದಿಮೂರು ಸೆಕೆಂಡು: ನಿಜ. ನಾಲ್ಕನೇ ಸಾಲಲ್ಲಿ 'ಅಲ್ಲ' ಅನ್ನೋದಕ್ಕೆ ಸುತ್ತ ಗೆರೆ ಹಾಕಿದೀನಿ, ಮಸಿ ಹಾಳೆಯ ಈ ಕಡೆಗೂ ಇಳಿದಿದೆ. ಕೆಳಗೆ ಸಹಿ. ಇನ್ನೊಬ್ಬರ ಕೈಲಿ 'ಹೌದು' ಅಂತ ಬರೆಸೋದಿದ್ರೆ ಬರೆಸಿ, ಆದ್ರೆ ಈ ಹಾಳೆ ಮೊದಲು ನೀವೇ ಕೈಯಾರೆ ಹರೀಬೇಕಾಗುತ್ತೆ.

ಅಕ್ಕನ ನಲವತ್ತೊಂದು ಹಡಗನ್ನೂ ಪೆನ್ ಡ್ರೈವಿಗೆ ಹಾಕಿಕೊಂಡೆ. ನಿಮ್ಮನ್ನ ಕೇಳಿಲ್ಲ. ಕೇಳಬೇಕಾದವರು ನೀವು.

ಹಳೇ ಮಷೀನು ತೊಡೆ ಮೇಲಿದೆ, ನಾಲ್ಕು ಗಂಟೆಗೆ ಬಸ್ಸು. ಕೀ ಈ ಹಾಳೆ ಮೇಲೇ ಇಡ್ತೀನಿ. ಬಾಗಿಲು ಎಳೆದ್ರೆ ಬೀಗ ತಾನೇ ಬೀಳುತ್ತೆ ಅಂದಿದ್ರಿ.

ಎಳೀತಿದೀನಿ.

ನಿಮ್ಮ ಹೆಂಡತಿಯ ತಮ್ಮ